ಹಿತ್ತಲ ಗಲ್ಲಿಯ ಖೋ ಖೋ

ಮಕ್ಕಳಿಗೆ ಸನ್ನಡತೆ ಕಲಿಸಬೇಕು ಎಂದು ಯಾರಾದರೂ ಭಾಷಣ ಶುರುಮಾಡಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಕಲಿಸಿದವಳು ನಾನು, ಅದಕ್ಕೇ ಹೇಳುತ್ತಿದ್ದೇನೆ. ಕಲಿತ ಮಕ್ಕಳು ಅದನ್ನು ನಿಜವಾಗಿ ನಡೆಸಿ ತೋರಿಸಿದಾಗ, "ಹೋಗಿ ಕಲಿಸಿರಮ್ಮ" ಎಂದು ನಮ್ಮನ್ನು ಹರಸಿದ್ದ ದೊಡ್ಡವರ ಮುಖ ಏನಾಯಿತು ಎಂಬುದನ್ನೂ ಕಣ್ಣಾರೆ ಕಂಡಿದ್ದೇನೆ.

ಸಂವಿಧಾನ ಬಂದು ಇನ್ನೂ ಹೊಸದು. ನಾನು ಬಸವನಗುಡಿಯ ಕಡೆ ಕಾಲೇಜಿಗೆ ಹೋಗುತ್ತಿದ್ದೆ. ಮನೆ ಸುಲ್ತಾನ್‌ಪೇಟೆಯಲ್ಲಿ. ಕೆಳಗೆ ಅಪ್ಪನ ಲಗ್ನಪತ್ರಿಕೆ ಅಂಗಡಿ, ಮೇಲೆ ನಾವು. ಊರಿಗೆಲ್ಲ ಮದುವೆಯ ಕಾಗದ ಮಾರುವವನ ಮನೆಯಲ್ಲೇ ಮದುವೆಯಾಗದ ಮಗಳು! ಗಿರಾಕಿಗಳು ಕಾಗದದ ಬಣ್ಣ ಆರಿಸುತ್ತ, "ನಿಮ್ ಹುಡುಗೀದು ಯಾವಾಗ ಸ್ವಾಮಿ?" ಎಂದು ಕೇಳುತ್ತಿದ್ದರು. ಅಪ್ಪ ಪೆಚ್ಚಾಗಿ ನಗುತ್ತಿದ್ದರು. ಅಜ್ಜಿ ಮಾತ್ರ ನಗುತ್ತಿರಲಿಲ್ಲ. "ಗಂಡು ನೋಡೋಕೆ ಬಂದವರ ಮುಂದೆ ಏನಂತ ಹೇಳ್ಲಿ? ಹುಡುಗಿ ಬೀದೀಲಿ ಸೀರೆ ಎತ್ತಿ ಕಟ್ಕೊಂಡು ಓಡ್ತಾಳೆ ಅಂತಲಾ?" ಎನ್ನುತ್ತಿದ್ದಳು. "ಚೆನ್ನಾಗಿ ಓಡ್ತಾಳೆ ಅನ್ನು" ಎಂದು ನಾನು ಹೇಳುತ್ತಿದ್ದೆ.

ಓಡುತ್ತಿದ್ದುದು ನಿಜ. ನಮ್ಮ ಕಾಲೇಜಿನಲ್ಲಿ ಸಮಾಜಸೇವೆಗೆ ಹೆಸರು ಕೊಟ್ಟವರು ಬಹಳ ಮಂದಿ. ಬಿಸಿಲು ಏರಿದ ಮೇಲೆ ಉಳಿದವರು ನಾನು ಮತ್ತು ಮಲ್ಲೇಶ್ವರದಿಂದ ಬರುತ್ತಿದ್ದ ನನ್ನ ಗೆಳತಿ, ಇಬ್ಬರೇ. ಶನಿವಾರ ಮಧ್ಯಾಹ್ನ ಬಿನ್ನಿಪೇಟೆಯ ಮಿಲ್ಲಿನ ಆಚೆ ಇದ್ದ ಒಂದು ಕೇರಿಯ ಹೆಣ್ಣುಮಕ್ಕಳಿಗೆ ಆಟ ಮತ್ತು ಸನ್ನಡತೆ ಕಲಿಸುವುದು ನಮ್ಮ ಪಾಲಿನ ಕೆಲಸ. ಆ ಮಕ್ಕಳ ತಾಯಂದಿರು ಬೆಳಿಗ್ಗೆ ಚಾಮರಾಜಪೇಟೆಯ ಮನೆಗಳ ಕಕ್ಕಸು ಬಳಿಯಲು ಬರುತ್ತಿದ್ದರು. ಅಲ್ಲಿ ಮನೆಗಳ ಸಾಲಿನ ಬೆನ್ನಿಗೆ ಒಂದೊಂದು ಕಿರಿದಾದ ಗಲ್ಲಿ. ಕಕ್ಕಸಿನ ಹಿಂಬಾಗಿಲು ತೆರೆಯುವುದು ಅದಕ್ಕೆ. ಅದನ್ನು ಹಿತ್ತಲ ಗಲ್ಲಿ ಎನ್ನುತ್ತಿದ್ದೆವು. ತಲೆಯ ಮೇಲೆ ಡಬ್ಬ ಹೊತ್ತು ಆ ಹೆಂಗಸರು ಅದರಲ್ಲೇ ಬಂದು ಅದರಲ್ಲೇ ಹೋಗಬೇಕು. ಮನೆಗಳ ಮುಂದಿನ ರಸ್ತೆಗೆ ಅವರು ಬರುವಂತಿರಲಿಲ್ಲ.

ಆಟಕ್ಕೆ ಜಾಗ ಬೇಕಲ್ಲ? ಕೇರಿಯ ಒಂದು ಮಗ್ಗುಲಿಗೆ ಮಿಲ್ಲಿನ ಗೋಡೆ, ಇನ್ನೊಂದು ಮಗ್ಗುಲಿಗೆ ತೆರೆದ ಮೋರಿ. ನಡುವೆ ಮಗು ಗಟ್ಟಿಯಾಗಿ ನಾಲ್ಕು ಹೆಜ್ಜೆ ಓಡಿದರೆ ಯಾರದಾದರೂ ಒಲೆಗೆ ಬೀಳಬೇಕು. ಕೊನೆಗೆ ಚಾಮರಾಜಪೇಟೆಯ ಒಂದು ಭಜನಾ ಮಂಡಳಿಯವರ ಬಯಲು ಸಿಕ್ಕಿತು. ಮಂಡಳಿಯ ಕಾರ್ಯದರ್ಶಿಗಳು ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ತಲೆಯ ಮೇಲೆ ಜರಿಪೇಟ, ಕೈಯಲ್ಲಿ ಬೆಳ್ಳಿ ಹಿಡಿಯ ಕೋಲು, ಮಾತು ಮಾತ್ರ ಬೆಣ್ಣೆ. "ಧಾರಾಳವಾಗಿ ಆಡಿಸಿಯಮ್ಮ. ಪುಣ್ಯದ ಕೆಲಸ" ಎಂದರು. ಆಮೇಲೆ ಒಂದೊಂದಾಗಿ ಷರತ್ತು ಹೊರಬಿದ್ದವು. ಮಕ್ಕಳು ಸ್ನಾನ ಮಾಡಿ ಬರಬೇಕು. ಬಯಲಿನ ಕೊಳಾಯಿ ಮುಟ್ಟಬಾರದು. ಮುಂದಿನ ರಸ್ತೆಯಿಂದ ಬರಬಾರದು, ಹಿತ್ತಲ ಗಲ್ಲಿಯಿಂದಲೇ ಬರಬೇಕು.

ನನ್ನ ಗೆಳತಿ ನನ್ನ ಕಾಲು ತುಳಿದಳು. ನಾನು ಬಾಯಿ ಮುಚ್ಚಿಕೊಂಡೆ. ಬಯಲು ಬೇಕಿತ್ತು.

ಮಕ್ಕಳು ಅಷ್ಟು ದೊಡ್ಡ ಖಾಲಿ ಜಾಗವನ್ನು ಮೊದಲ ಸಲ ಕಂಡಾಗ ಆಟವಾಡಲಿಲ್ಲ. ಕಿರುಚಿಕೊಂಡು ಈ ಕೊನೆಯಿಂದ ಆ ಕೊನೆಗೆ ಓಡಿದರು, ವಾಪಸ್ಸು ಓಡಿದರು. ಗುರಿಯಿಲ್ಲ, ಗೆಲುವಿಲ್ಲ, ಬರಿಯ ಓಟ. ನಾವಿಬ್ಬರೂ ಸನ್ನಡತೆಯ ಪಾಠ ಸೆರಗಿಗೆ ಕಟ್ಟಿಕೊಂಡು ಸುಮ್ಮನೆ ನಿಂತೆವು. ನನಗೆ ಅಳು ಬಂತು, ಸಿಟ್ಟೂ ಬಂತು.

ಪಾಠವೆಂದರೆ ಗೊತ್ತಿದ್ದದ್ದೇ. ಊಟಕ್ಕೆ ಮೊದಲು ಕೈ ತೊಳೆಯಬೇಕು ಎಂದರೆ, "ನೀರೆಲ್ಲಿ ಅಕ್ಕಾ?" ಎನ್ನುತ್ತಿದ್ದರು. ಹಿರಿಯರಿಗೆ ನಮಸ್ಕಾರ ಮಾಡಬೇಕು ಎಂದರೆ, "ದೂರದಿಂದಾನಾ, ಹತ್ರದಿಂದಾನಾ?" ಎನ್ನುತ್ತಿದ್ದರು. ಹೀಗೆ ಕೇಳುವವಳು ಯಾವಾಗಲೂ ಒಬ್ಬಳೇ. ಹಸಿರು ಲಂಗದ, ಕಡ್ಡಿಯಂಥ ಕಾಲಿನ ಹುಡುಗಿ. ಇದ್ದದ್ದು ಅದೊಂದೇ ಲಂಗವಿರಬೇಕು. ಖೋ ಖೋದಲ್ಲಿ ಅವಳನ್ನು ಹಿಡಿಯುವವರು ನಮ್ಮಲ್ಲಿ ಇರಲಿಲ್ಲ. ಕೈಗೆ ಸಿಕ್ಕಳು ಅನ್ನುವಷ್ಟರಲ್ಲಿ ಸೊಂಟ ಬಾಗಿಸಿ ಕಂಬದ ಆಚೆ ಇರುತ್ತಿದ್ದಳು.

ಒಂದು ಶನಿವಾರ ಅಟ್ಟಿಸಿಕೊಂಡು ಹೋದವಳ ಬೆರಳು ಈ ಹುಡುಗಿಯ ಭುಜ ತಾಕಿದ್ದನ್ನು ನಾನೇ ನೋಡಿದೆ. "ಮುಟ್ಲೇ ಇಲ್ಲ!" ಎಂದು ಈಕೆ ವಾದಿಸಿದಳು. ಅವತ್ತು ಆಟ ನಿಲ್ಲಿಸಿ ಎಲ್ಲರನ್ನೂ ಕೂರಿಸಿದೆ. "ಮುಟ್ಟಿದ್ರೆ ಮುಟ್ಟಿದ್ರು ಅನ್ನಬೇಕು. ಮುಟ್ಟದಿದ್ರೆ ಮುಟ್ಟಿಲ್ಲ ಅನ್ನಬೇಕು. ಸೋತ್ರೂ ಪರವಾಗಿಲ್ಲ, ಸುಳ್ಳು ಹೇಳ್ಬಾರ್ದು" ಎಂದೆ. ನನಗೆ ಆಗ ಬಂದಷ್ಟು ಗಂಭೀರವಾಗಿಯೇ ಹೇಳಿದೆ. ನೂರು ಉಪದೇಶದಲ್ಲಿ ಅವರ ಮನಸ್ಸಿಗೆ ಹತ್ತಿದ್ದು ಇದೊಂದೇ. ಮುಂದಿನ ವಾರದಿಂದ ನೋಡಬೇಕಿತ್ತು ಆ ಹುಚ್ಚು. ಯಾರೂ ಕಾಣದಿದ್ದರೂ ತಾವೇ ನಿಂತು, "ಅಕ್ಕಾ, ಲಂಗಕ್ಕೆ ಬೆರಳು ತಾಕ್ತು, ನಾನು ಔಟು" ಎಂದು ಕೈ ಎತ್ತಿ ಹೊರಗೆ ಬರುತ್ತಿದ್ದರು. ಹಸಿರು ಲಂಗದವಳಂತೂ ಈ ವಿಷಯದಲ್ಲಿ ನ್ಯಾಯಾಧೀಶೆಯೇ ಆಗಿಬಿಟ್ಟಳು.

ರಾಮನವಮಿ ಹತ್ತಿರ ಬಂತು. ಬಯಲಿನಲ್ಲಿ ಚಪ್ಪರ, ಹರಿಕಥೆ, ಕೊನೆಗೆ ಮಕ್ಕಳ ಆಟ. ಆ ಸಲ ಅಧ್ಯಕ್ಷತೆಗೆ ಬರುವ ದೊಡ್ಡ ಮನುಷ್ಯರಿಗೆ ದಲಿತೋದ್ಧಾರದ ಕೆಲಸದಲ್ಲಿ ಬಹಳ ಪ್ರೀತಿ ಎಂದು ಕಾರ್ಯದರ್ಶಿಗಳ ಕಿವಿಗೆ ಬಿದ್ದಿತ್ತು. ಅವರೇ ನಮ್ಮನ್ನು ಕರೆಸಿದರು. "ನಮ್ಮ ಬಡಾವಣೆ ಹುಡುಗೀರಿಗೂ ನಿಮ್ಮ ಹುಡುಗೀರಿಗೂ ಒಂದು ಖೋ ಖೋ ಆಗಿಬಿಡ್ಲಿ. ಎಲ್ಲ ಲಕ್ಷಣವಾಗಿ ನಡೆದ್ರೆ ಬಯಲು ವರ್ಷಪೂರ್ತಿ ನಿಮ್ಗೇ" ಎಂದರು.

ನಮ್ಮ ಮಕ್ಕಳಿಗೆ ಈ ಸುದ್ದಿ ಹೇಳಿದಾಗ ಅವರು ಕೇಳಿದ್ದು ಗೆದ್ದರೆ ಬಹುಮಾನ ಏನು ಎಂದಲ್ಲ. "ದಿನಾ ಬರಬೋದಾ?" ಎಂದು ಕೇಳಿದರು.

ಬಡಾವಣೆಯ ತಂಡದಲ್ಲಿ ಕಾರ್ಯದರ್ಶಿಗಳ ಮೊಮ್ಮಗಳೇ ಮುಂದಾಳು. ಆಟ ಮುಗಿದ ಮೇಲೆ ಪಾನಕ ಕೋಸಂಬರಿ ಹಂಚಬೇಕಾದವರೂ ಆ ಹುಡುಗಿಯರೇ. ಹೀಗಾಗಿ ತಾಯಂದಿರು ಅವರಿಗೆ ತಲೆಗೆ ನೀರು ಹಾಕಿ, ಮಡಿ ಉಡಿಸಿ ಕಳಿಸಿದ್ದರು. "ಓಡೋದು ತಾನೇ, ಓಡ್ಕೊಳ್ಳಿ. ಆದ್ರೆ ಅವರನ್ನ ಮುಟ್ಟಿಬಿಟ್ಟೀರಿ, ಜೋಕೆ. ಪಾನಕದ ಪಾತ್ರೆ ಹತ್ರಾನೂ ಸೇರ್ಸಲ್ಲ" ಎಂದು ಎಚ್ಚರಿಸಿದ್ದರು. ಪಾಪ, ಆ ತಾಯಂದಿರು ಖೋ ಖೋ ಆಟವನ್ನು ಹುಟ್ಟಿದಾಗಿನಿಂದ ನೋಡಿದವರಲ್ಲ. ಅಟ್ಟಿಸಿಕೊಂಡು ಹೋಗಿ ಕೈಯಿಂದ ಮುಟ್ಟಿದರೇ ಎದುರಾಳಿ ಔಟು, ಇಡೀ ಆಟವೇ ಅಷ್ಟು, ಎಂದು ಅವರಿಗೆ ಹೇಳಿದವರು ಯಾರು?

ನಾಣ್ಯ ಚಿಮ್ಮಿ ಆಯಿತು. ಬಡಾವಣೆಯವರು ಅಟ್ಟಬೇಕು, ನಮ್ಮವರು ತಪ್ಪಿಸಿಕೊಳ್ಳಬೇಕು. ಡ್ರಿಲ್ ಮೇಷ್ಟ್ರು ಸೀಟಿ ಊದಿದರು. ಮೊಮ್ಮಗಳು ಚೆನ್ನಾಗಿ ಓಡುತ್ತಿದ್ದಳು. ನಮ್ಮವಳೊಬ್ಬಳು ಕಾಲು ಜಾರಿ ಅವಳ ಮುಂದೆಯೇ ಬಿದ್ದಳು. ಮೊಮ್ಮಗಳು ಬಗ್ಗಿದಳು, ಕೈ ಚಾಚಿದಳು, ಬೆನ್ನ ಮೇಲೆ ಗೇಣು ಎತ್ತರದಲ್ಲಿ ಕೈ ನಿಂತುಬಿಟ್ಟಿತು. ಬಿದ್ದವಳು ಎದ್ದು ಓಡಿದಳು. ಜನ ನಕ್ಕರು. ಮತ್ತೆ ಹಾಗೇ ಆಯಿತು, ಇನ್ನೊಬ್ಬಳದೂ ಹಾಗೇ. ಬೆನ್ನಟ್ಟಿ ಬರುವುದು, ಕೈ ಚಾಚುವುದು, ಕೆಂಡ ಕಂಡಂತೆ ಹಿಂತೆಗೆಯುವುದು. ನಮ್ಮವರು ಒಬ್ಬರೂ ಔಟಾಗಲಿಲ್ಲ. ಆಗುವುದಾದರೂ ಹೇಗೆ? ನಗು ನಿಂತುಹೋಯಿತು. ಅಧ್ಯಕ್ಷರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಪಕ್ಕದವರನ್ನು ಏನೋ ಕೇಳಿದರು. ಪಕ್ಕದವರು ನೆಲ ನೋಡಿದರು.

ಕಾರ್ಯದರ್ಶಿಗಳು ಸೀಟಿ ಊದಿಸಿ ಆಟ ನಿಲ್ಲಿಸಿದರು. ನೇರ ನನ್ನ ಬಳಿ ಬಂದರು. "ಕೈ ಹತ್ರಕ್ಕೆ ಬಂದ್ರೆ ಔಟು ಅಂತ ಒಪ್ಕೊಂಡು ಹೊರಗೆ ಬರೋಕೆ ಹೇಳಮ್ಮ ನಿನ್ನ ಹುಡುಗೀರಿಗೆ" ಎಂದರು.

"ಮುಟ್ಟದೆ ಔಟ್ ಹೇಗಾಗತ್ತೆ ಸಾರ್?"

"ಸ್ವಲ್ಪ ಅನುಸರಿಸ್ಕೊಂಡು ಹೋಗ್ಬೇಕು. ಬಯಲು ಬೇಕೋ ಬೇಡ್ವೋ?" ಮಾತಿನಲ್ಲಿ ಬೆಣ್ಣೆ ಕರಗಿ ಹೋಗಿತ್ತು.

ಹಸಿರು ಲಂಗದವಳು ನನ್ನ ಪಕ್ಕದಲ್ಲೇ ಏದುಸಿರು ಬಿಡುತ್ತ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ನನ್ನ ಮುಖ ನೋಡಿದಳು. "ಅಕ್ಕಾ, ಮುಟ್ಟೇ ಇಲ್ವಲ್ಲ. ಮುಟ್ಟಿದ್ರು ಅಂತ ಸುಳ್ಳು ಹೇಳ್ಬೇಕಾ?"

ಆ ಬಯಲಿನ ಮೇಲೆ ನನಗೆ ಎಷ್ಟು ಆಸೆಯಿತ್ತು ಎಂದು ಹೇಳಲಾರೆ. ಮಿಲ್ಲಿನ ಗೋಡೆ ಮತ್ತು ಮೋರಿಯ ನಡುವಿನ ಆ ಇಕ್ಕಟ್ಟು ಕಣ್ಣಿಗೆ ಬಂತು. ದಿನಾ ಬರಬಹುದಾ ಎಂದು ಕೇಳಿದ್ದು ಕಿವಿಗೆ ಬಂತು. ಒಂದು ಸಣ್ಣ ಸುಳ್ಳಿನಲ್ಲಿ ಎಲ್ಲ ಸಿಗುತ್ತಿತ್ತು. ಆದರೆ ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂಬ ಜಾತಿಗೆ ಸೇರುವುದಕ್ಕೆ ನನಗೆ ಆ ಮಗುವಿನ ಮುಂದೆ ಆಗಲಿಲ್ಲ. "ಹೇಳ್ಬೇಡ. ಮುಟ್ಟೋವರೆಗೂ ಓಡು" ಎಂದೆ. ಕಾರ್ಯದರ್ಶಿಗಳಿಗೂ ಕೇಳಿಸಲಿ ಎಂದೇ ಜೋರಾಗಿ ಹೇಳಿದೆ.

ಆಟ ಮತ್ತೆ ಶುರುವಾಯಿತು. ಹಸಿರು ಲಂಗದವಳು ಓಡುತ್ತ ಓಡುತ್ತ ಬಯಲಿನ ನಟ್ಟನಡುವೆ ನಿಂತುಬಿಟ್ಟಳು. ಬೆನ್ನು ತಿರುಗಿಸಿ, ಕೈ ಇಳಿಬಿಟ್ಟು, "ಮುಟ್ಟೇ! ಔಟಾಗ್ತೀನಿ" ಎಂದು ಕೂಗಿದಳು. ಹಿಂದೆ ಬರುತ್ತಿದ್ದ ಮೊಮ್ಮಗಳು ಗಕ್ಕನೆ ನಿಂತಳು. ಅವಳ ತಾಯಿ ಚಪ್ಪರದ ಕೆಳಗಿಂದ "ಬೇಡ್ವೇ!" ಎಂದಳು. ಮೊಮ್ಮಗಳು ತಾಯಿಯನ್ನು ನೋಡಿದಳು, ತಾತನನ್ನು ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅದು ಭಯದ್ದು ಎಂದುಕೊಂಡೆ. ಅಲ್ಲ, ಅದು ಸೋಲುತ್ತಿರುವ ಆಟಗಾರ್ತಿಯ ರೋಷ. ಅಂಗೈ ಬಿಚ್ಚಿ ಎದುರಿಗಿದ್ದ ಬೆನ್ನಿಗೆ ಫಟ್ ಎಂದು ಹೊಡೆದಳು. ಆ ಸದ್ದು ಚಪ್ಪರದ ತುದಿಯವರೆಗೂ ಕೇಳಿಸಿತು.

"ಔಟು!" ಎಂದು ಹಸಿರು ಲಂಗದವಳು ಎರಡೂ ಕೈ ಎತ್ತಿ ಕುಣಿಯುತ್ತ ಹೊರಗೆ ಬಂದಳು. ಔಟಾದದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಮತ್ತೆ ಕಂಡಿಲ್ಲ.

ಆಟ ಅಲ್ಲಿಗೇ ನಿಂತಿತು. ಮೊಮ್ಮಗಳನ್ನು ರಟ್ಟೆ ಹಿಡಿದು ಎಳೆದೊಯ್ದು ಬಾವಿಯ ಹತ್ತಿರ ಉಟ್ಟ ಬಟ್ಟೆಯಲ್ಲೇ ಕೊಡ ಕೊಡ ನೀರು ಸುರಿದರು. ಅಧ್ಯಕ್ಷರು ಭಾಷಣದಲ್ಲಿ ಅಸ್ಪೃಶ್ಯತೆ ಪಾಪ ಎಂದು ಹೇಳಿ, ಹಾರ ಹಾಕಿಸಿಕೊಂಡು, ಕಾರು ಹತ್ತಿದರು. ನಮ್ಮ ಮಕ್ಕಳಿಗೆ ಪಾನಕವನ್ನು ಮೇಲಿನಿಂದ ಬೊಗಸೆಗೆ ಸುರಿಯಲು ಬಂದರು. ಮಕ್ಕಳು ಬೊಗಸೆ ಒಡ್ಡಲಿಲ್ಲ. ನಾನು ಹೇಳಿಕೊಟ್ಟದ್ದಲ್ಲ ಅದು. ಬೇಸಿಗೆಯ ಬಿಸಿಲು, ಗಂಟಲೊಣಗಿದ ಮಕ್ಕಳು, ಆದರೂ ಒಡ್ಡಲಿಲ್ಲ.

ಮುಂದಿನ ಶನಿವಾರ ಬಯಲಿನ ಗೇಟಿಗೆ ಬೀಗ. ಹಿತ್ತಲ ಗಲ್ಲಿಯ ಬಾಗಿಲಿಗೂ ಬೀಗ. ಮಕ್ಕಳು ಬೀಗ ನೋಡಿದರು, ನನ್ನನ್ನು ನೋಡಿದರು. ನನ್ನ ಗೆಳತಿ ಸದಾ ನನ್ನ ಕಾಲು ತುಳಿಯುತ್ತಿದ್ದವಳು. ಅವತ್ತು ಅವಳೇ, "ರಸ್ತೆ ಯಾರಪ್ಪಂದು? ಮುನಿಸಿಪಾಲಿಟೀದು" ಎಂದಳು. ಸರಿ, ಮಕ್ಕಳ ಕೈಹಿಡಿದು ಮುಂದಿನ ರಸ್ತೆಗೇ ಬಂದೆವು. ಕಾರ್ಯದರ್ಶಿಗಳ ಮನೆಯ ಎದುರಿಗೆ ರಸ್ತೆ ಅಗಲವಾಗಿತ್ತು. ಬೇಕೆಂದೇ ಅಲ್ಲೇ ಆರಿಸಿದೆ, ಮುಚ್ಚಿಡುವುದೇನಿದೆ? ಕಂಬಕ್ಕೆ ಬದಲು ಎರಡು ಕಡೆ ಇಬ್ಬರು ಹುಡುಗಿಯರನ್ನೇ ನಿಲ್ಲಿಸಿದೆವು. ಸಾಲು ಕೂತಿತು. ಜಟಕಾದವನೊಬ್ಬ ಬೈಯಲು ಬಾಯಿ ತೆರೆದವನು, ಆಟ ನೋಡುತ್ತ ಬೈಯುವುದನ್ನೇ ಮರೆತು, "ಹಿಡಿಯಮ್ಮೋ, ಹಿಡಿ!" ಎಂದು ಚಾಟಿ ಬೀಸತೊಡಗಿದ.

ಸಂಜೆಯ ಭಜನೆಗೆ ಹೊರಟ ಕಾರ್ಯದರ್ಶಿಗಳು ಗೇಟು ತೆರೆದು ಬಂದರು. ಕೋಲು ಎತ್ತಿ, "ಏಯ್! ದಾರಿ ಬಿಡಿ!" ಎಂದರು. ಆಟದ ಭರದಲ್ಲಿದ್ದ ಹಸಿರು ಲಂಗದವಳು ಅವರ ಮುಂದೆಯೇ ಬಂದು ನಿಂತಳು. ಕೈ ಮುಗಿದಳು. ಹಿರಿಯರಿಗೆ ನಮಸ್ಕಾರ ಮಾಡಬೇಕೆಂದು ಕಲಿಸಿದ್ದೆನಲ್ಲ, ಹತ್ತಿರದಿಂದಲೇ ಮಾಡಿದಳು.

"ತಾತಾ, ಆಟದೊಳಕ್ಕೆ ಬಂದ್ರೆ ಮೈ ತಾಕತ್ತೆ. ಆಮೇಲೆ ತಾಕಿಲ್ಲ ಅಂತ ನಮ್ಗೆ ಸುಳ್ಳು ಹೇಳೋಕಾಗಲ್ಲ" ಎಂದಳು.

ಅವಳ ಮಾತಿನಲ್ಲಿ ಒಂದಿಷ್ಟೂ ವ್ಯಂಗ್ಯವಿರಲಿಲ್ಲ. ಎಚ್ಚರಿಕೆ ಹೇಳಿದ್ದಳು, ಅಷ್ಟೆ. ಕಾರ್ಯದರ್ಶಿಗಳು ನನ್ನತ್ತ ನೋಡಿದರು. ನಾನು ಕಣ್ಣು ತಗ್ಗಿಸಲಿಲ್ಲ. ಮನೆಯ ಕಿಟಕಿಯ ಸರಳು ಹಿಡಿದು ಮೊಮ್ಮಗಳು ನಿಂತಿದ್ದಳು. ಆಮೇಲೆ ಅವರು ತಿರುಗಿ ಗೇಟಿನೊಳಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಹಿತ್ತಲ ಬಾಗಿಲು ಕಿರುಗುಟ್ಟಿತು. ಬೆಳ್ಳಿ ಹಿಡಿಯ ಕೋಲು ಹಿತ್ತಲ ಗಲ್ಲಿಯ ಕಲ್ಲುಗಳ ಮೇಲೆ ಟಕ್ ಟಕ್ ಎನ್ನುತ್ತ, ಒಂದೊಂದು ಕಕ್ಕಸಿನ ಬಾಗಿಲನ್ನು ದಾಟಿ, ದೂರವಾಗುತ್ತ ಹೋದದ್ದು ನಮಗೆಲ್ಲ ಕೇಳಿಸಿತು.

ಅವರು ದಾಟಿ ಹೋಗುವವರೆಗಾದರೂ ಆಟ ನಿಲ್ಲಿಸಬಹುದಿತ್ತಲ್ಲ ಎಂದು ಅಜ್ಜಿ ಆ ರಾತ್ರಿ ಬೈದಳು. ನಿಲ್ಲಿಸಬಹುದಿತ್ತು. ಆದರೆ ಆ ಕೋಲಿನ ಸದ್ದು ಇನ್ನೂ ಕೇಳುತ್ತಿರುವಾಗಲೇ ನಾನು ಸೀಟಿ ಊದಿ "ಖೋ ಕೊಡಿ" ಎಂದಿದ್ದೆ.