ಎಮ್ಕಾಗೆ ಕಾದ ನನ್ನ ಮೈದುನ

ನನ್ನ ಮೈದುನನನ್ನು ನಾನು ಸಣ್ಣದೊರೆ ಎಂದು ಕರೆಯುತ್ತಿದ್ದೆ. ಗಂಡನ ಕಡೆಯ ಗಂಡಸರ ಹೆಸರು ನಮ್ಮಲ್ಲಿ ಸೊಸೆಯರ ಬಾಯಿಗೆ ಬರಬಾರದು. ಮಾವನಿಗೊಂದು, ಭಾವನಿಗೊಂದು, ಮೈದುನನಿಗೊಂದು ಹೆಸರನ್ನು ನಾವೇ ಕಟ್ಟಿಕೊಂಡು ಕೊನೆಯ ತನಕ ಅದರಲ್ಲೇ ಕೂಗುತ್ತೇವೆ. ನಾನು ಈ ಮನೆಗೆ ಕಾಲಿಟ್ಟ ದಿನ ಇವನು ಮೂಗು ಸೋರಿಸಿಕೊಂಡು, ಅಪ್ಪನ ಬೂಟಿನಲ್ಲಿ ಕಾಲು ತೂರಿಸಿಕೊಂಡು, ಬಾಗಿಲಿಗೆ ಅಡ್ಡಲಾಗಿ ಯಜಮಾನನ ಹಾಗೆ ನಿಂತಿದ್ದ. ಆವತ್ತು ಇಟ್ಟ ಹೆಸರು ಹಲ್ಲು ಉದುರಿದ ಮೇಲೂ ಉಳಿಯಿತು.

ನಮ್ಮೂರು ಕರಾಜಾರ್, ಇಸಿಕ್-ಕೋಲ್ ಸರೋವರದ ದಕ್ಷಿಣದ ದಂಡೆಯಲ್ಲಿದೆ. ಊರು ದಾಟಿದ ಮೇಲೆ ರಸ್ತೆ ಮೊಣಕೈ ಹಾಗೆ ಬಾಗುತ್ತದೆ, ಅಲ್ಲಿ ಎಂಥ ಕೊಬ್ಬಿದ ಡ್ರೈವರೂ ನಿಧಾನ ಮಾಡಲೇಬೇಕು. ಹಾಗಾಗಿ ನನ್ನ ಅಂಗಡಿ ಅಲ್ಲೇ. ಬೇಸಿಗೆಯಲ್ಲಿ ಏಪ್ರಿಕಾಟ್, ಆಮೇಲೆ ಸೇಬು, ವರ್ಷಪೂರ್ತಿ ಒಣಮೊಸರಿನ ಉಂಡೆ. ಗಂಡ ತೀರಿಕೊಂಡ ಮೇಲೆ ಸಣ್ಣದೊರೆ ಸಹಾಯಕ್ಕೆಂದು ಬಂದು ಪಕ್ಕದಲ್ಲಿ ಕೂರಲು ಶುರುಮಾಡಿದ. ಒಂದು ಬಕೆಟ್ ಮಾರುವಷ್ಟರಲ್ಲಿ ಎರಡು ಹಿಡಿ ತಾನೇ ತಿಂದಿರುತ್ತಿದ್ದ. ಅವನು ಬರುತ್ತಿದ್ದದ್ದು ಹಣ್ಣು ಮಾರಲಿಕ್ಕಲ್ಲ, ಕಾರು ನೋಡಲಿಕ್ಕೆ.

ಹೊಸ ಕಾರುಗಳಿಗೆ ಅವನು ಕಣ್ಣೂ ಎತ್ತುತ್ತಿರಲಿಲ್ಲ. ಹಳೇ ಕಾರಿನ ಸದ್ದು ಕೇಳಿದರೆ ಸಾಕು, ಕುಂಟುಗಾಲನ್ನು ನೇರ ಮಾಡಿಕೊಂಡು ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ಹಿರಿಯರು ಬಂದರೇನೋ ಎಂಬಂತೆ ತಲೆ ಬಾಗಿಸುತ್ತಿದ್ದ. ಮೂತಿಯ ಮೇಲೆ ಜಿಂಕೆ ಹಾರುವ ವೋಲ್ಗಾ, ಗೂನುಬೆನ್ನಿನ ಝಪೊರೋಜೆತ್ಸ್, ಹಿಂದಿನ ಸೀಟಿನಲ್ಲಿ ಕರುವನ್ನು ಕೂರಿಸಿಕೊಂಡು ಸಂತೆಗೆ ಹೋಗುವ ಮೊಸ್ಕ್ವಿಚ್. ಒಮ್ಮೆ ಯುದ್ಧಕಾಲದ ಜರ್ಮನ್ ಕಾರೊಂದು ಬಂದಿತ್ತು, ಬಾಗಿಲಿದ್ದ ಕಡೆ ಹಳೇ ಫ್ರಿಜ್ಜಿನ ಬಾಗಿಲು ಕೂರಿಸಿದ್ದರು. ಅದರ ಹಿಂದೆ ಓಡಿದ, ಓಡಿ ಬಿದ್ದ, ಬಿದ್ದಲ್ಲೇ ನಗುತ್ತಾ ಕೂತಿದ್ದ. ನನಗೆ ಕಾರೆಂದರೆ ನಾಲ್ಕು ಚಕ್ರ, ಒಳಗೊಬ್ಬ ಪೆದ್ದ. ಅವನ ಈ ಹುಚ್ಚು ಕಂಡು ನಗುತ್ತಿದ್ದೆ, ಬೈಯುತ್ತಲೂ ಇದ್ದೆ.

ಮದುವೆಯೂ ಈ ಹುಚ್ಚಿನಿಂದಲೇ ತಪ್ಪಿತು. ಆಗ ಅವನು ಸಾಮೂಹಿಕ ಬೇಸಾಯದ ಲಾರಿ ಓಡಿಸುತ್ತಿದ್ದ, ಎರಡೂ ಕಾಲು ಗಟ್ಟಿಯಾಗಿದ್ದವು, ನೋಡಲಿಕ್ಕೂ ಲಕ್ಷಣವಾಗಿದ್ದ. ಪಕ್ಕದೂರಿಗೆ ಹೆಣ್ಣು ನೋಡಲು ಕರೆದುಕೊಂಡು ಹೋದೆವು. ಹುಡುಗಿ ಚಹಾ ಬಗ್ಗಿಸಿ ಕೊಡುವಾಗ ಇವನು ಜಾಗದಲ್ಲಿಲ್ಲ. ಹುಡುಕಿದರೆ ಕೊಟ್ಟಿಗೆಯಲ್ಲಿ ಹುಡುಗಿಯ ಅಪ್ಪನ ಪೊಬೆದಾ ಕಾರಿನ ಕೆಳಗೆ ಅಂಗಾತ ಮಲಗಿದ್ದ. ನಿಮ್ಮ ಹುಡುಗ ಕಾರನ್ನು ಕಟ್ಟಿಕೊಳ್ಳಲಿ ಎಂದು ಹುಡುಗಿಯ ಅಪ್ಪ ನಮ್ಮನ್ನು ಅಟ್ಟಿದ. ಆಮೇಲೆ ಲಾರಿ ಜಾಕಿನಿಂದ ಜಾರಿ ಅವನ ಕಾಲು ಮುರಿಯಿತು, ಸಾಮೂಹಿಕ ಬೇಸಾಯವೂ ಮುರಿದುಬಿತ್ತು. ಹೆಣ್ಣು ಕೊಡುವವರು ಯಾರೂ ಬರಲಿಲ್ಲ. ನನ್ನ ಒಲೆಯ ಪಕ್ಕದಲ್ಲೇ ಅವನ ಆಯುಷ್ಯ ಕಳೆಯಿತು. ನನಗೆ ಮಕ್ಕಳಿಲ್ಲ. ಇವನನ್ನು ಸಾಕಿದವಳು ನಾನೇ, ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಎಲ್ಲ ಕಾರುಗಳನ್ನೂ ನೋಡಿದ್ದ, ಒಂದನ್ನು ಬಿಟ್ಟು. ಅದು ಎಮ್ಕಾ. ಯುದ್ಧಕ್ಕೂ ಮೊದಲಿನ ಕಪ್ಪು ಕಾರು, ದೊಡ್ಡ ಅಧಿಕಾರಿಗಳದ್ದು. ಅದರ ಕಥೆ ನಮ್ಮ ಮನೆಯದೇ.

ಮೂವತ್ತೆಂಟನೇ ಇಸವಿಯ ಬೇಸಿಗೆ. ಊರ ಗಂಡಸರೆಲ್ಲ ಹುಲ್ಲು ಕೊಯ್ಯುತ್ತಿದ್ದಾಗ ಎಮ್ಕಾ ಬಂತು. ಸಣ್ಣದೊರೆಯ ದೊಡ್ಡಮ್ಮ, ಅಂದರೆ ನನ್ನ ಮಾವನ ಅಣ್ಣನ ಹೆಂಡತಿ, ನನ್ನ ದೊಡ್ಡತ್ತೆ, ಆಗ ಹೊಸ ಸೊಸೆ. ಮಜ್ಜಿಗೆ ತಂದು ಹುಲ್ಲುಗಾವಲಿನ ಅಂಚಿನಲ್ಲಿ ನಿಂತಿದ್ದಳು. ಕಾರಿನಲ್ಲಿದ್ದವನು ಅವಳ ಮಾವನ, ಅಂದರೆ ಸಣ್ಣದೊರೆಯ ತಾತನ, ಹೆಸರು ಹಿಡಿದು ಇವರಲ್ಲಿ ಅವನು ಯಾರು ಎಂದು ಕೇಳಿದ. ಕೊಯ್ಯುತ್ತಿದ್ದವರ ತಲೆಯ ಮೇಲೆಲ್ಲ ಒಂದೇ ಥರದ ಬಿಳಿ ಟೋಪಿ. ಬಾಯಿ ತೆರೆದರೆ ಎಲ್ಲಿ ಹೆಸರು ಜಾರುತ್ತದೋ ಎಂಬ ಭಯಕ್ಕೆ ಅವಳು ತುಟಿ ಬಿಗಿದು ಬೆರಳು ಮಾಡಿ ತೋರಿಸಿದಳು. ಇಷ್ಟು ಚಂದದ ಕಾರು ಹುಡುಕಿಕೊಂಡು ಬಂದಿದೆ, ಮಾವನಿಗೆ ಪದಕ ಕೊಡುತ್ತಾರೆ ಎಂದುಕೊಂಡಳಂತೆ. ಹೆಸರು ಹೇಳದೆ ಸೊಸೆಯ ಮರ್ಯಾದೆ ಉಳಿಸಿಕೊಂಡೆ ಎಂಬ ಹೆಮ್ಮೆಯೂ ಇತ್ತಂತೆ. ಅದು ಸರ್ಕಾರ ಊರೂರಿನಿಂದ ಜನರನ್ನು ಹಿಡಿದೊಯ್ದು ಗುಂಡಿಕ್ಕುತ್ತಿದ್ದ ಕಾಲ, ಮಾವನನ್ನು ಹತ್ತಿಸಿಕೊಂಡು ಹೋದರು. ಹೆಣ ಬರಲಿಲ್ಲ, ಗೋರಿ ಆಗಲಿಲ್ಲ. ದೊಡ್ಡತ್ತೆ ಮುದುಕಿಯಾಗಿದ್ದಾಗ ನಾನು ನೋಡಿದ್ದೇನೆ, ಬಲಗೈಯನ್ನು ಯಾವಾಗಲೂ ಅಂಗಿಯ ತೋಳಿನೊಳಗೆ ಎಳೆದುಕೊಂಡಿರುತ್ತಿದ್ದಳು. ಒಂದು ಸಲ ಹಿಟ್ಟು ನಾದುತ್ತಾ ನನಗೆ ಹೇಳಿದ್ದಳು:

"ಬಾಯಿ ಕಟ್ಟಿದ್ದೆ ಮಗಳೇ, ಬೆರಳು ಕಟ್ಟಲಿಲ್ಲ."

ಎಮ್ಕಾ ಬಂದಾಗ ನನ್ನ ಮಾವ, ಸಣ್ಣದೊರೆಯ ಅಪ್ಪ, ಚಿಕ್ಕ ಹುಡುಗ. ಕಾರಿನ ಹಿಂದೆ ಓಡಿದ್ದಾನೆ. ಹಿಂಬದಿಯ ಸಣ್ಣ ಗಾಜಿನಲ್ಲಿ ಅಪ್ಪ ಒಬ್ಬನೇ ಕೂತಿದ್ದು ಕಂಡಿದೆ. ಅದನ್ನೇ ಮುಪ್ಪಿನ ತನಕ ಹೇಳಿದ. ಸಾಯಿಸಿದ್ದಕ್ಕಿಂತ ಒಬ್ಬನನ್ನೇ ಕರೆದೊಯ್ದದ್ದು ಅವನಿಗೆ ಹೆಚ್ಚು ಸಂಕಟ. ಪಕ್ಕದಲ್ಲಿ ಜಾಗ ಇತ್ತು, ನಾನು ಹತ್ತಬೇಕಿತ್ತು ಎನ್ನುತ್ತಿದ್ದ. ಆ ಮಾತನ್ನು ಸಣ್ಣದೊರೆ ಹಾಲಿನ ಜೊತೆ ಕುಡಿದು ಬೆಳೆದ.

ಒಂದು ಬೇಸಿಗೆ, ಸೂರ್ಯ ನೆತ್ತಿಗೆ ಬಂದಿದ್ದ. ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಸಣ್ಣದೊರೆ ಬಕೆಟ್ ತೊಳೆಯಲು ಕೆಳಗೆ ನೀರಿನ ಹತ್ತಿರ ಹೋಗಿದ್ದ, ಅವನ ಬೆನ್ನು ನನಗೆ ಕಾಣುತ್ತಿತ್ತು. ತಿರುವಿನಿಂದ ಕಪ್ಪು ಕಾರೊಂದು ಬಂತು. ಸದ್ದು ಕೇಳಿಸಿದ್ದು ಅದು ನಿಂತ ಮೇಲೆ. ಮಣ್ಣಿನ ಮೇಲೆ ಇಳಿದರೂ ದೂಳು ಏಳಲಿಲ್ಲ. ಹೋಗೋ ಬರೋ ಎಲ್ಲದಕ್ಕೂ ಬೊಗಳುವ ನಮ್ಮ ನಾಯಿ ಗದ್ದವನ್ನು ನೆಲಕ್ಕೆ ಒತ್ತಿ ಮಲಗಿಬಿಟ್ಟಿತು. ಚಕ್ರಗಳ ಮೇಲೆ ರೆಕ್ಕೆಯಂಥ ಅಗಲ ತಗಡು, ಮುಂದೆ ಎರಡು ದುಂಡನೆಯ ದೀಪ. ನನಗೆ ಕಾರು ಗೊತ್ತಾಗುವುದಿಲ್ಲ ನಿಜ, ಇದು ಯಾವುದೆಂದು ಮಾತ್ರ ಗೊತ್ತಾಯಿತು. ಅದರ ಗಾಜಿನಲ್ಲಿ ಎದುರಿನ ಪೆಟ್ರೋಲ್ ಬಂಕ್ ಕಾಣಬೇಕಿತ್ತು. ಕಂಡದ್ದು ಅರ್ಧ ಕೊಯ್ದ ಹುಲ್ಲುಗಾವಲು.

ಡ್ರೈವರ್ ಇನ್ನೂ ಹುಡುಗ, ಕ್ಷೌರ ಮಾಡಿಕೊಂಡ ನುಣುಪು ಮುಖ. ಬಹಳ ವಿನಯದಿಂದ ಕೇಳಿದ:

"ಅಮ್ಮಾ, ನಿಮ್ ಪಕ್ಕ ಕೂರೋರು ಒಬ್ರು ಇದಾರಲ್ಲ, ಅವರ ಹೆಸರೇನು?"

"ನಾನು ಆ ಮನೆ ಸೊಸೆ ಕಣಪ್ಪ. ಹೇಳೋ ಹಾಗಿಲ್ಲ."

"ಹೇಳೋದು ಬೇಡ ಬಿಡಿ. ಎಲ್ಲಿದಾರೆ ಅಂತ ಕೈ ತೋರ್ಸಿ, ಸಾಕು."

ನಾನು ಎರಡೂ ಕೈಯನ್ನು ಏಪ್ರಿಕಾಟ್ ಬಕೆಟ್ಟಿನೊಳಗೆ ಮಣಿಕಟ್ಟಿನ ತನಕ ತುರುಕಿದೆ. ಹಣ್ಣು ಒಡೆದು ರಸ ಬೆರಳ ಸಂದಿಯಲ್ಲಿ ಇಳಿಯುತ್ತಿತ್ತು. ಸರೋವರದ ಕಡೆ ಕಣ್ಣನ್ನೂ ಹೊರಳಿಸಲಿಲ್ಲ. ಹಿಂದಿನ ಸೀಟಿನಲ್ಲಿ ಬಿಳಿ ಟೋಪಿಯ ಒಬ್ಬ ಮುದುಕ ಕೂತಿದ್ದ, ಅಂಗಿಯ ಹೆಗಲಿಗೆ ಹಸಿ ಹುಲ್ಲಿನ ಚೂರು ಅಂಟಿತ್ತು. ಅವನು ನನ್ನನ್ನು ನೋಡಲಿಲ್ಲ. ಡ್ರೈವರ್ ಆಗಲಿ ಅಮ್ಮಾ ಎಂದು ಗಾಡಿ ತೆಗೆದ. ಮುಂದಿನೂರಿನ ಹಣ್ಣಿನವಳನ್ನು ಆಮೇಲೆ ವಿಚಾರಿಸಿದೆ, ಆ ಹೊತ್ತಿನಲ್ಲಿ ಯಾವ ಕಪ್ಪು ಕಾರೂ ಅಲ್ಲಿ ಹಾದುಹೋಗಿರಲಿಲ್ಲ.

ಸಣ್ಣದೊರೆಗೆ ಹೇಳಬಾರದಿತ್ತು. ಆದರೆ ಅವನು ತೊಳೆದ ಬಕೆಟ್ ತಂದಿಡುವಷ್ಟರಲ್ಲೇ ಹೇಳಿಬಿಟ್ಟೆ. ಅವನು ಹೆದರುತ್ತಾನೆ ಎಂದುಕೊಂಡಿದ್ದೆ. ಅವನು ಬಾನೆಟ್ಟಿನ ಪಕ್ಕದಲ್ಲಿ ಗಾಳಿಗೆ ಸೀಳು ಇತ್ತೇ, ಚಕ್ರ ಯಾವ ಬಣ್ಣ, ಬಾಗಿಲು ಯಾವ ಕಡೆಗೆ ತೆರೆಯುತ್ತಿತ್ತು ಎಂದು ನನ್ನ ಜೀವ ತಿಂದ. ನಾನು ಸಾವನ್ನು ನೋಡಿ ಕೂತಿದ್ದೇನೆ, ನೀನು ಚಕ್ರ ಕೇಳುತ್ತೀಯಲ್ಲೋ ಎಂದು ರೇಗಿದೆ. ಆಮೇಲೆ ಅವನ ದನಿ ಇಳಿಯಿತು.

"ಅತ್ತಿಗೆ, ತಾತನ ಪಕ್ಕ ಯಾರಾದ್ರೂ ಇದ್ರಾ?"

"ಯಾರೂ ಇರ್ಲಿಲ್ಲ."

"ಇಷ್ಟು ವರ್ಷ ಆದ್ರೂ?"

ಮುಂದಿನ ಸಲ ಬಂದರೆ ನನ್ನನ್ನು ಕರಿ ಎಂದ. ಕರೀತೀನಿ, ಮೊದಲು ನನ್ನ ಹೆಣ ಎತ್ತಿ ಮಣ್ಣು ಮಾಡು, ಆಮೇಲೆ ಕರೀತೀನಿ ಎಂದೆ. ಅವನು ನಕ್ಕ. ಆ ನಗು ನನಗೆ ಒಂಚೂರೂ ಹಿಡಿಸಲಿಲ್ಲ.

ಆಮೇಲೂ ಕಾರು ಬಂತು. ಯಾವಾಗಲೂ ಹಗಲು, ಯಾವಾಗಲೂ ಅವನು ಪಕ್ಕದಲ್ಲಿಲ್ಲದ ಹೊತ್ತು. ಅದೇ ಹುಡುಗ, ಅದೇ ವಿನಯ, ಅದೇ ಪ್ರಶ್ನೆ. ವರ್ಷಗಳು ಕಳೆದು ನನ್ನ ಮುಖ ಸುಕ್ಕಾಯಿತು, ಅವನ ಮುಖದಲ್ಲಿ ಒಂದು ಕೂದಲು ಮೂಡಲಿಲ್ಲ. ಬೈದು ನೋಡಿದೆ, ಬೇಡಿ ನೋಡಿದೆ. ಅವನು ಕೇಳಿಸಿಕೊಂಡು ತಲೆಯಾಡಿಸಿ ಹೋಗುತ್ತಿದ್ದ. ಅಂಗಡಿ ಎತ್ತಿಬಿಡಬಹುದಿತ್ತಲ್ಲ ಎನ್ನುತ್ತೀರಿ. ನಾನು ಅಲ್ಲಿ ಕೂರದಿದ್ದರೆ ಅವನು ಊರೊಳಗೆ ಹೋಗಿ ಬೇರೆ ಯಾರನ್ನಾದರೂ ಕೇಳುತ್ತಿದ್ದ. ಊರಲ್ಲಿ ಆ ಹೆಸರು ಹೇಳಬಾರದವಳು ನಾನೊಬ್ಬಳೇ. ಮಳೆಯಿರಲಿ, ಮೈಯಲ್ಲಿ ಜ್ವರವಿರಲಿ, ನಾನು ಆ ತಿರುವು ಬಿಡಲಿಲ್ಲ.

ಕೊನೆಗೆ ಅವನಿಗೆ ಶ್ವಾಸಕೋಶದ ಕಾಯಿಲೆ ಹಿಡಿಯಿತು. ಕರಾಕೋಲ್ ಪಟ್ಟಣದ ಡಾಕ್ಟರು ಚಳಿಗಾಲ ದಾಟಿಸಿದರೆ ನೋಡೋಣ ಎಂದರು. ನಾನು ದಾಟಿಸುತ್ತೇನೆ ಎಂದು ಹಟ ತೊಟ್ಟೆ. ಕುರಿಯ ಬಾಲದ ಕೊಬ್ಬು ಕರಗಿಸಿ ಕುಡಿಸಿದೆ, ಒಲೆ ಆರಲು ಬಿಡಲಿಲ್ಲ, ಹೊರಗೆ ಹೋಗದಿರಲಿ ಎಂದು ಅವನ ಬೂಟುಗಳನ್ನು ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟೆ. ನೋವು ಹೆಚ್ಚಾದ ದಿನಗಳಲ್ಲಿ ಅವನು ಗೋಡೆಯ ಕಡೆ ತಿರುಗಿ, ಜಾಗ ಖಾಲಿ ಇದೆಯಲ್ಲ ಅತ್ತಿಗೆ ಎನ್ನುತ್ತಿದ್ದ. ಸುಮ್ಮನೆ ಮಲಗೋ ಎಂದು ಗದರುತ್ತಿದ್ದೆ. ಗದರಿ, ಹೊರಗೆ ಬಂದು ಅಳುತ್ತಿದ್ದೆ. ತಾತನಿಗೆ ಜೊತೆ ಬೇಕಿತ್ತು, ನಿಜ. ನನಗೂ ಬೇಕಿತ್ತು.

ಸೇಬು ಮುಗಿಯುತ್ತಾ ಬಂದಿದ್ದ ಒಂದು ತಣ್ಣನೆಯ ಮಧ್ಯಾಹ್ನ, ಊರ ಕಡೆಯಿಂದ ಯಾರೋ ಬರಿಯ ಉಣ್ಣೆಯ ಕಾಲುಚೀಲದಲ್ಲಿ ಕುಂಟುತ್ತಾ ಬರುತ್ತಿದ್ದರು. ಅವನೇ. ಬಂದವನು ಸ್ಟೂಲಿನ ಮೇಲೆ ಕುಸಿದ, ಉಸಿರು ಕೊಳವೆಯಲ್ಲಿ ಕಲ್ಲು ಉರುಳಿದ ಹಾಗೆ ಸದ್ದು ಮಾಡುತ್ತಿತ್ತು. ಎದ್ದು ಹೋಗು ಎಂದು ಬೇಡಿಕೊಂಡೆ, ಭುಜ ಹಿಡಿದು ಎಳೆದೆ. ನಾಯಿ ಗದ್ದವನ್ನು ನೆಲಕ್ಕೆ ಒತ್ತಿತು. ಕಾರು ಬಂದು ನಮ್ಮೆದುರು ನಿಂತಿತು.

ಅವನು ಎದ್ದ. ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ಮತ್ತೆ ಆ ಕಾರಿಗೆ ಒಂದು ಸುತ್ತು ಬಂದ, ಕುಂಟದೆ. ರೆಕ್ಕೆಯ ಮೇಲೆ ಅಂಗೈ ಆಡಿಸಿದ, ದೀಪದ ಗಾಜಿಗೆ ಉಸಿರು ಬಿಟ್ಟು ತೋಳಿನಿಂದ ಒರೆಸಿದ, ಬಗ್ಗಿ ಕೆಳಗೆ ನೋಡಿದ. ಇಂಜಿನ್ ಮೊದಲಿನದೇನಾ ಎಂದು ಡ್ರೈವರನ್ನು ಕೇಳಿದ. ಮೊದಲಿನದೇ ಎಂದ ಆ ಹುಡುಗ. ಸಣ್ಣದೊರೆಯ ಮುಖ ನಾನು ಸೊಸೆಯಾಗಿ ಬಂದ ದಿನ ಬಾಗಿಲಲ್ಲಿ ಕಂಡ ಮುಖದಷ್ಟೇ ಚಿಕ್ಕದಾಗಿ ಕಂಡಿತು.

ಡ್ರೈವರ್ ನನ್ನ ಕಡೆ ತಿರುಗಿ ಕೇಳಿದ:

"ಅಮ್ಮಾ, ಇವರೇನಾ?"

ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ತುಟಿ ಕಚ್ಚಿ ಹಿಡಿದೆ, ಬಾಯಲ್ಲಿ ರಕ್ತದ ರುಚಿ ಬಂತು. ಸಣ್ಣದೊರೆ ನನ್ನನ್ನು ನೋಡಿದ. ಅಷ್ಟು ಅಕ್ಕರೆಯಿಂದ ಅವನು ಯಾವ ಕಾರನ್ನೂ ನೋಡಿದ್ದಿಲ್ಲ.

"ನಮ್ಮ ಅತ್ತಿಗೇನ ಯಾಕಪ್ಪ ಗೋಳು ಹುಯ್ಕೋತೀಯ? ನಂಗೂ ಬಾಯಿದೆ. ತುರ್ಗನ್‌ಬಾಯ್ ಅಂತ ಬರ್ಕೋ."

ಎಷ್ಟೋ ವರ್ಷ ನಾನು ಕಾಯ್ದದ್ದನ್ನು ಅವನು ಬಸ್ಸಿನಲ್ಲಿ ಇಳಿಯುವ ಸ್ಟಾಪು ಹೇಳಿದಷ್ಟು ಸಲೀಸಾಗಿ ಹೇಳಿಬಿಟ್ಟ. ಹಿಂದಿನ ಬಾಗಿಲು ತೆಗೆದು, ಟೋಪಿ ಕೈಯಲ್ಲಿ ಹಿಡಿದು, ಒಳಗೆ ಬಗ್ಗಿದ.

"ತಾತ, ಒಂಚೂರು ಆ ಕಡೆ ಸರ್ಕೊಳ್ಳಿ."

ಬಾಗಿಲು ಮುಚ್ಚಿತು, ಕಾರು ಚಲಿಸಿತು. ನಾನು ಪಕ್ಕಕ್ಕೆ ತಿರುಗಿದೆ. ಸಣ್ಣದೊರೆ ಸ್ಟೂಲಿನ ಮೇಲೆಯೇ ಕೂತಿದ್ದ, ಕೈ ಎದೆಯ ಮೇಲಿತ್ತು. ಸದ್ಯ, ಹೋಗಲಿಲ್ಲ ಎಂದುಕೊಂಡು ಅವನ ಕೆನ್ನೆ ಮುಟ್ಟಿದೆ. ಮುಟ್ಟಿದ ಕೈಯನ್ನು ಎಳೆದುಕೊಂಡೆ. ಆಮೇಲೆ ನಾನು ರಸ್ತೆಯ ನಡುವೆ ಓಡುತ್ತಿದ್ದೆ. ಮಾವನ ಮನೆಯ ಮರ್ಯಾದೆ, ಸೊಸೆತನ, ಎಲ್ಲ ಮಣ್ಣುಗೂಡಿತು. ಹೆಸರು ಹಿಡಿದು ಕೂಗಿದೆ, ತುರ್ಗನ್‌ಬಾಯ್, ತುರ್ಗನ್‌ಬಾಯ್ ಎಂದು ಗಂಟಲು ಹರಿಯುವ ತನಕ ಕೂಗಿದೆ. ಆ ಹೆಸರು ನನ್ನ ಬಾಯಲ್ಲಿ ಹೇಗಿರುತ್ತದೆಂದು ನನಗೇ ಗೊತ್ತಿರಲಿಲ್ಲ. ಕಾರು ನಿಲ್ಲಲಿಲ್ಲ. ಸ್ಟೂಲಿನ ಮೇಲಿದ್ದವನೂ ತಿರುಗಿ ನೋಡಲಿಲ್ಲ.