ಗೀಜರ್ ಹಚ್ಚಲು ಬಂದ ಇಬ್ಬರು

ಶಹಾಬಾದಿನ ನಮ್ಮ ಮನೆಯ ಬಚ್ಚಲು ಪೂರ್ತಿ ಕಲ್ಲಿನದು. ನೆಲ, ಗೋಡೆ, ಮೇಲಿನ ಹಾಸು ಎಲ್ಲವೂ ಊರ ಗಣಿಯ ಕಲ್ಲು. ಚಳಿಗಾಲದ ಬೆಳಿಗ್ಗೆ ಅದರೊಳಗೆ ಕಾಲಿಟ್ಟರೆ ಅಂಗಾಲಿನಿಂದ ನಡುಕ ಹತ್ತುತ್ತಿತ್ತು. ಹಿತ್ತಲಿನ ಒಲೆಯಲ್ಲಿ ತೊಗರಿ ಕಟ್ಟಿಗೆ ಉರಿಸಿ ನೀರು ಕಾಯಿಸುವುದು ಅತ್ತೆಯ ಕೆಲಸವಾಗಿತ್ತು. ಅವರ ಕಣ್ಣಿನ ಪೊರೆ ತೆಗೆದ ಮೇಲೆ ಡಾಕ್ಟರು ಹೊಗೆಯ ಹತ್ತಿರ ಹೋಗಬೇಡಿ ಅಂದರು. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವ ನನ್ನ ಗಂಡ ಒಂದು ಗ್ಯಾಸ್ ಗೀಜರಿನ ಡಬ್ಬಿ ತಂದು ಪಡಸಾಲೆಯಲ್ಲಿಟ್ಟು, "ಯಾರನ್ನರ ಕರೆದು ಹಚ್ಚಿಸ್ಕೊ" ಎಂದು ಹೇಳಿ ಡ್ಯೂಟಿಗೆ ಹೋದರು.

ನಾನು ಸಂಶಯದ ಹೆಂಗಸು. ಹೊಟ್ಟೆನೋವೆಂದು ರಜೆ ಕೇಳಲು ಬರುವ ಮಕ್ಕಳ ಮುಖ ನೋಡಿ ನೋಡಿ ಶಾಲೆ ನನ್ನನ್ನು ಹಾಗೆ ಮಾಡಿತೋ, ಹುಟ್ಟುಗುಣವೋ ತಿಳಿಯದು. ಯಾರಾದರೂ ಮನೆಗೆ ಕೆಲಸಕ್ಕೆ ಬಂದರೆ ಅವರ ಕೈಯನ್ನೇ ನೋಡುತ್ತಾ ನಿಲ್ಲುತ್ತೇನೆ.

ಮೊದಲು ಬಂದವನು ಚಿತ್ತಾಪುರದ ಸ್ಟೋವ್ ರಿಪೇರಿಯವನು. ಐವತ್ತು ದಾಟಿದ ವಯಸ್ಸು, ಕುರುಚಲು ಬಿಳಿ ಗಡ್ಡ, ಹೆಗಲಿಗೊಂದು ಗೋಣಿಚೀಲ. ಬಂದವನು ಗೀಜರಿನ ಡಬ್ಬಿಯನ್ನು ಮುಟ್ಟಲಿಲ್ಲ. ನೇರ ಬಚ್ಚಲಿಗೆ ಹೋಗಿ ಒಳಗಿನಿಂದ ಬಾಗಿಲು ಹಾಕಿಕೊಂಡ. ನಾನು ಹೊರಗೆ ನಿಂತು ಕಿವಿಗೊಟ್ಟೆ. ಏನೂ ಸದ್ದಿಲ್ಲ. ಬಾಗಿಲು ತೆರೆದಾಗ, ಚಳಿಗಾಳಿ ಬಾರದಿರಲೆಂದು ಅತ್ತೆ ಗೋಡೆಯ ಕಿಂಡಿಗೆ ತುರುಕಿದ್ದ ಸಿಮೆಂಟ್ ಚೀಲದ ಚೂರು ಅವನ ಕೈಯಲ್ಲಿತ್ತು.

"ಯಾರು ಮೊದಲ ಜಳಕ ಮಾಡ್ತಾರ್ರಿ ಅಕ್ಕೋರೆ? ಎಷ್ಟು ಹೊತ್ತು ಹಿಡಿತದ?"

ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರೆ ಎನ್ನುತ್ತಾರೆ, ಅದು ಸರಿ. ಆದರೆ ಮನೆಯ ಹೆಂಗಸರು ಎಷ್ಟು ಹೊತ್ತು ಸ್ನಾನ ಮಾಡುತ್ತಾರೆಂಬುದು ಇವನಿಗೆ ಯಾಕೆ? "ಅದೆಲ್ಲಾ ನಿಮಗ್ಯಾಕ?" ಎಂದೆ.

ಅವನು ಬೇಸರ ಮಾಡಿಕೊಳ್ಳಲಿಲ್ಲ. "ಇದನ್ನ ಒಳಗ ಹಚ್ಚಲಿಕ್ಕ ಬರಂಗಿಲ್ರಿ. ಹಿತ್ತಲ ಗ್ವಾಡಿಗೆ ಹೊರಗ ಹಚ್ಚತೀನಿ. ಗ್ವಾಡಿ ಕೊರದು ಬಿಸಿನೀರಿನ ಪೈಪ್ ಅಷ್ಟ ಒಳಗ ಬಿಡತೀನಿ. ಸಿಲಿಂಡರ್ ಭೀ ಹೊರಗ ಇರಬೇಕು. ಎರಡು ದಿನದ ಕೆಲಸ ಅದ."

ಒಂದು ಗೇಣಿಗಿಂತ ದಪ್ಪದ ಕಲ್ಲಿನ ಗೋಡೆ ಕೊರೆಯುವುದೆಂದರೆ ಸಣ್ಣ ಮಾತಲ್ಲ. ಕೆಲಸ ಬೆಳೆಸುತ್ತಿದ್ದಾನೆ ಅನ್ನಿಸಿತು. ಅದಕ್ಕಿಂತ ಹೆಚ್ಚು ಕೊರೆದದ್ದು ಸಿಲಿಂಡರಿನ ಮಾತು. ನಮ್ಮ ಹಿತ್ತಲಿನ ಕಾಂಪೌಂಡು ಸೊಂಟದೆತ್ತರ. ಹಗಲಿಡೀ ನಾನು ಶಾಲೆಯಲ್ಲಿ, ಗಂಡ ವಾಡಿಯಲ್ಲಿ, ಅತ್ತೆಗೆ ಕಣ್ಣು ಅಷ್ಟಕ್ಕಷ್ಟೆ. ಸಿಲಿಂಡರ್ ಹೊರಗಿರಿಸಿ ಎನ್ನುವವನು, ಸ್ನಾನದ ಹೊತ್ತು ಕೇಳುವವನು, ಬಾಗಿಲು ಹಾಕಿಕೊಂಡು ಒಳಗೆ ನಿಲ್ಲುವವನು. ಮೂರನ್ನೂ ಕೂಡಿಸಿ ನೋಡಿದೆ. ಹೇಳಿ ಕಳಿಸುತ್ತೇನೆಂದು ಸಾಗಹಾಕಿದೆ. ಅವನು ಫೋನ್ ನಂಬರು ಬರೆದುಕೊಟ್ಟ ಚೀಟಿಯನ್ನು ಅವನು ಗೇಟು ದಾಟುವ ಮೊದಲೇ ಹರಿದೆ.

ಎರಡನೆಯವನು ವಾಡಿಯವನು. ಇಸ್ತ್ರಿ ಮಾಡಿದ ಅಂಗಿ, ಬೈಕು, ಹೆಸರು ಅಚ್ಚು ಹಾಕಿದ ಕಾರ್ಡು. ನಮ್ಮ ಓಣಿಯಲ್ಲೇ ನಾಲ್ಕು ಮನೆಗೆ ಹಚ್ಚಿದ್ದೇನೆಂದ. ಎದುರು ಮನೆಯಾಕೆಯನ್ನು ಕೇಳಿದೆ, ಹೌದೆಂದಳು. ಒಂದು ತಾಸಿನಲ್ಲಿ ಬಚ್ಚಲೊಳಗೆ ನಲ್ಲಿಯ ಮೇಲೆ ಗೀಜರು ಕೂತಿತು. ಸಿಲಿಂಡರ್ ಬಚ್ಚಲ ಬಾಗಿಲ ಪಕ್ಕ, ಮನೆಯೊಳಗೇ ಉಳಿಯಿತು. ಅದನ್ನು ಕಂಡು ನನಗೆ ಸಮಾಧಾನವಾಯಿತು.

"ಕಿಂಡಿ ಮುಚ್ಚಿದ್ರ ನಡೀತದೇನಪಾ? ಥಂಡಿ ಭಾಳ ಬರತದ," ಎಂದು ಅತ್ತೆ ಕೇಳಿದರು.

"ನಡೀತದ್ರಿ ಅಜ್ಜಿ. ಮುಚ್ಚಿದ್ರ ಒಳಗ ಬೆಚ್ಚಗ ಇರತದ."

ನಲ್ಲಿ ತಿರುವಿದೊಡನೆ ಭಗ್ ಎಂದು ಉರಿ ಹತ್ತಿ ಸುಡುನೀರು ಬಂತು. ಅತ್ತೆ ಬೊಗಸೆ ಒಡ್ಡಿ ನಕ್ಕರು. ನನಗೂ ಖುಷಿಯಾಯಿತು. ಚಿತ್ತಾಪುರದವನನ್ನು ಸರಿಯಾಗಿ ಹಿಡಿದೆನೆಂದು ಗಂಡನಿಗೆ ಫೋನಿನಲ್ಲಿ ಹೇಳಿಕೊಂಡೆ.

ಆ ಮೇಲೆ ತಲೆನೋವು ಶುರುವಾಯಿತು. ಮೊದಲು ಕನ್ನಡಕವನ್ನು ದೂರಿದೆ, ಆಮೇಲೆ ಬಿ.ಪಿ.ಯನ್ನು. ನೋವು ಬೆಳಿಗ್ಗೆ ಸ್ನಾನದ ನಂತರ ಬಂದು ಎರಡನೇ ಪೀರಿಯಡ್ಡಿಗೆ ಇಳಿಯುತ್ತಿತ್ತು, ತಲೆಗೆ ಎರೆದುಕೊಳ್ಳುವ ಭಾನುವಾರ ಹೆಚ್ಚು. ಅಷ್ಟು ಕಣ್ಣಿಗೆ ಬಿದ್ದಿದ್ದರೂ ಗೀಜರಿನ ಮೇಲೆ ನನಗೆ ಸಂಶಯ ಬರಲಿಲ್ಲ. ಮನುಷ್ಯರನ್ನು ಸಂಶಯಿಸುವುದು ನನಗೆ ರೂಢಿ, ಗೋಡೆಗೆ ತೂಗಿದ ಡಬ್ಬಿಯನ್ನಲ್ಲ.

ಒಂದು ಭಾನುವಾರ ಕೂದಲಿಗೆ ಸೀಗೆಪುಡಿ ಹಚ್ಚಿ ಕೂತಿದ್ದೆ. ಬಕೆಟ್ಟು ತುಂಬುತ್ತಿತ್ತು, ಬಚ್ಚಲ ತುಂಬ ಹಬೆ. ಯಾವ ವಾಸನೆಯೂ ಇರಲಿಲ್ಲ. ಇದ್ದಕ್ಕಿದ್ದಂತೆ ತಂಬಿಗೆ ಭಾರವೆನಿಸಿತು. ಏಳಬೇಕೆಂದುಕೊಂಡೆ, ಮೊಣಕಾಲು ನನ್ನವಲ್ಲವೇನೋ ಅನ್ನುವ ಹಾಗೆ ಸುಮ್ಮನಿದ್ದವು. ಹೊರಗೆ ಅತ್ತೆಯ ದನಿ ಕೇಳುತ್ತಿತ್ತು. "ಯವ್ವಾ, ಆತೇನು? ಯವ್ವಾ?" ಉತ್ತರ ನಾಲಿಗೆಯವರೆಗೂ ಬಂದಿತ್ತು, ಬಾಯಿ ಬಿಡಲಾಗಲಿಲ್ಲ. ಮುಂದಿನದು ನೆನಪಿಲ್ಲ.

ಉಳಿದದ್ದನ್ನು ಅತ್ತೆಯೇ ಹೇಳಿದ್ದು. ನಾನು ಬೇಕಂತಲೇ ಮಾತಾಡುತ್ತಿಲ್ಲವೆಂದು ಅವರಿಗೆ ಮೊದಲು ಸಿಟ್ಟು ಬಂದಿತ್ತಂತೆ. ಹಿಂದಿನ ದಿನ ನಮ್ಮಿಬ್ಬರಿಗೂ ಸ್ವಲ್ಪ ಮಾತಾಗಿತ್ತು. ಆದರೆ ನೀರು ಬಕೆಟ್ಟು ಮೀರಿ ಸುರಿಯುವ ಸದ್ದು ಕೇಳಿಯೂ ಸೊಸೆ ನಲ್ಲಿ ನಿಲ್ಲಿಸಲಿಲ್ಲ ಅಂದಾಗ ಏನೋ ಆಗಿದೆಯೆಂದು ತಿಳಿಯಿತಂತೆ. ಮೊಣಕಾಲು ನೋವಿನ ಆ ಮುದುಕಿ ಹೆಗಲು ಕೊಟ್ಟು ಬಾಗಿಲ ಚಿಲಕ ಕಿತ್ತರು. ನಲ್ಲಿ ತಿರುವಿ ಉರಿ ಆರಿಸಿ, ಮೈಮೇಲೆ ಸೀರೆ ಎಸೆದು, ಎರಡೂ ಕಂಕುಳಿಗೆ ಕೈ ಹಾಕಿ ಹಿತ್ತಲಿನ ಗಾಳಿಗೆ ಎಳೆದು ತಂದರು. ಕೂಗು ಕೇಳಿ ಎದುರು ಮನೆಯಾಕೆ ಓಡಿ ಬಂದು ಆಟೋ ತರಿಸಿದಳು.

ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಹಾಕಿದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಬಚ್ಚಲದಾಗ ಗ್ಯಾಸ್ ಗೀಜರ್ ಅದ ಏನು?" ಅತ್ತೆ ಹೌದೆಂದರು. "ಮುಚ್ಚಿದ ಜಾಗದಾಗ ಉರಿ ಗಾಳಿ ತಿಂತದ, ವಿಷ ಬಿಡತದ. ಅದಕ್ಕ ಬಣ್ಣಿಲ್ಲ, ವಾಸನಿ ಇಲ್ಲ. ಇನ್ನ ಸ್ವಲ್ಪ ಹೊತ್ತಾಗಿದ್ರ ಇಲ್ಲಿ ತನಕ ಬರ್ತಿದ್ದಿಲ್ಲ ಇವರು," ಎಂದರು.

ವಾರದ ನಂತರ ಚಿತ್ತಾಪುರದ ಬಸ್ಸು ಹತ್ತಿದೆ. ನಂಬರು ಹರಿದಿದ್ದೆನಲ್ಲ, ಬಸ್‌ಸ್ಟ್ಯಾಂಡಿನ ಸುತ್ತ ಕೇಳುತ್ತಾ ಹುಡುಕಿದೆ. ತಗಡಿನ ಅಂಗಡಿಯಲ್ಲಿ ಬರ್ನರ್ ಉಜ್ಜುತ್ತಾ ಕೂತಿದ್ದ. ಚುಚ್ಚಿ ಆಡುತ್ತಾನೆಂದು ಸಿದ್ಧಳಾಗಿಯೇ ಹೋಗಿದ್ದೆ. ನಡೆದದ್ದನ್ನೆಲ್ಲ ಕೇಳಿ ಅವನು ಸ್ಟೂಲು ಮುಂದೆ ಸರಿಸಿದ. "ಕುಂದ್ರಿ ಅಕ್ಕೋರೆ. ಈಗ ತಲಿ ಹೆಂಗ ಅದ?"

"ಒಳಗ ಹಚ್ಚಬಾರದು ಅಂತ ನಿಮಗ ಹೆಂಗ ಗೊತ್ತಿತ್ತು?" ಎಂದು ಕೇಳಿದೆ. ಅವನ ಹಿಂದೆಯೂ ಏನೋ ಒಂದು ಸಾವಿನ ಕಥೆ ಇರಬೇಕೆಂದು ನನ್ನ ಊಹೆ.

"ಡಬ್ಬಿನ್ಯಾಗ ಕಾಗದ ಇರತದಲ್ರಿ. ಅದರಾಗ ಬರದಿರತದ. ನೀವು ಓದಿಲ್ಲೇನು?"

ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಓದು ಓದು ಎನ್ನುತ್ತಾ ಬಂದವಳು ಆ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತೆ.

ಅವನು ಬಂದು ಎರಡು ದಿನ ಗೋಡೆ ಕೊರೆದ. ಅಂದು ಬಾಗಿಲು ಹಾಕಿಕೊಂಡದ್ದು ಒಳಗೆ ಗಾಳಿ ಆಡುತ್ತದೋ ನೋಡಲು, ಸ್ನಾನದ ಹೊತ್ತು ಕೇಳಿದ್ದು ಉರಿ ಎಷ್ಟು ಹೊತ್ತು ಇರುತ್ತದೆಂದು ತಿಳಿಯಲು ಎಂಬುದು ನನಗೆ ಆಗ ಹೊಳೆಯಿತು. ಗೀಜರನ್ನು ಹಿತ್ತಲ ಗೋಡೆಗೆ ತೂಗಿ, ಮಳೆ ಬೀಳದಂತೆ ಮೇಲೊಂದು ಕಲ್ಲಿನ ಹಾಸು ಚಾಚಿದ. ಸಿಲಿಂಡರಿಗೆ ಗಾಳಿಯಾಡುವ ಜಾಲರಿಯ ಗೂಡು ಮಾಡಿ, ಬೀಗದ ಕೈ ನನಗೇ ಕೊಟ್ಟ. ನನ್ನ ಕಳ್ಳತನದ ಭಯ ಅವನಿಗೆ ಅಂದೇ ತಿಳಿದಿತ್ತೆಂದು ಕಾಣುತ್ತದೆ. ಗ್ಯಾಸ್ ಪೈಪಿನ ಜಾಯಿಂಟುಗಳಿಗೆಲ್ಲ ಸಾಬೂನಿನ ನೊರೆ ಸವರಿ, "ಗುಳ್ಳಿ ಎದ್ರ ಸೋರಲಿಕತ್ತದ ಅಂತ," ಎಂದು ನನ್ನನ್ನೇ ಬಗ್ಗಿಸಿ ತೋರಿಸಿದ. ಉರಿ ನೀಲಿ ಇರಬೇಕು, ಹಳದಿಯಾದರೆ ಆರಿಸಿ ಕರೆಯಬೇಕು ಎಂದ. ಹೋಗುವಾಗ, "ನಿಮ್ಮ ಓಣಿನ್ಯಾಗ ಉಳಿದ ನಾಲ್ಕು ಮನಿಗೂ ಹೇಳ್ರಿ. ನಾ ಹೇಳಿದ್ರ ಧಂದೆಕ್ಕ ಬಂದಾನ ಅಂತಾರ," ಎಂದ.

ಹೇಳಿದೆ. ಎದುರು ಮನೆಯಾಕೆ ನನ್ನನ್ನು ಕಣ್ಣಾರೆ ಕಂಡವಳು, ಆ ವಾರವೇ ಗೀಜರ್ ಹೊರಗೆ ಹಾಕಿಸಿದಳು. ಮುಂದಿನ ಎರಡು ಮನೆಯವರು ಗಂಡಸರನ್ನು ಕೇಳಿ ಹೇಳುತ್ತೇವೆಂದು ಒಂದು ತಿಂಗಳು ಎಳೆದು ಕೊನೆಗೆ ಒಪ್ಪಿದರು. ಓಣಿಯ ತುದಿಯ ಮನೆಯ ಹೆಂಗಸು ಮಾತ್ರ ಹೊಸ್ತಿಲ ಮೇಲೆಯೇ ನಿಲ್ಲಿಸಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಆ ಚಿತ್ತಾಪುರದಾಂವ ನಿಮಗ ಏನರ ಕೊಡ್ತಾನೇನ್ರಿ? ಮನಿ ಮನಿ ತಿರಗಲಿಕತ್ತೀರಿ."

ಆ ಕಣ್ಣು ನನಗೆ ಹೊಸತಲ್ಲ. ಅಂದು ಚೀಟಿ ಹರಿದಾಗ ನನ್ನದೂ ಹಾಗೇ ಇದ್ದಿರಬೇಕು. ಸಿಟ್ಟು ಬರಲಿಲ್ಲ. "ಕಿಂಡಿ ಅರ ತೆರದಿಡ್ರಿ. ಮೊದಲ ಬಕೆಟ್ ತುಂಬ್ಕೊಳ್ರಿ, ಗೀಜರ್ ಆರಸಿ ಆಮ್ಯಾಲ ಜಳಕ ಮಾಡ್ರಿ," ಎಂದೆ. ಆಕೆ ಬಾಗಿಲು ಮುಂದೆ ಮಾಡಿದಳು.

ಅವಳ ಬಚ್ಚಲ ಗೋಡೆ ರಸ್ತೆಯ ಕಡೆಗಿದೆ. ಶಾಲೆಗೆ ಹೋಗುವಾಗ ಆ ಕಿಂಡಿಯನ್ನು ನೋಡುತ್ತೇನೆ. ಕೆಲವು ದಿನ ತೆರೆದಿರುತ್ತದೆ, ಕೆಲವು ದಿನ ನೀಲಿ ಪ್ಲಾಸ್ಟಿಕ್ ತುರುಕಿರುತ್ತದೆ. ತುರುಕಿದ ದಿನ ಒಳಗೆ ನೀರಿನ ಸದ್ದಿದ್ದರೆ, ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವವಳಂತೆ ಬಗ್ಗಿ, ಯಾರಾದರೂ ಕೆಮ್ಮುವವರೆಗೋ ಮಾತಾಡುವವರೆಗೋ ಅಲ್ಲೇ ನಿಲ್ಲುತ್ತೇನೆ.