ಟಿವಿ ಹಾಕದ ದೊಡ್ಡಮ್ಮ

ಬೀದಿದೀಪ ಇನ್ನೂ ಆರಿಲ್ಲ. ದೊಡ್ಡಮ್ಮ ಬಾಗಿಲು ತೆರೆದು ಹೊಸ್ತಿಲಲ್ಲೇ ನಿಂತು ಕೈ ಚಾಚುತ್ತಾರೆ. ನಿದ್ದೆಗಣ್ಣಿನ ಮಗುವೊಂದು ಅಮ್ಮನ ಹೆಗಲಿನಿಂದ ಅವರ ಹೆಗಲಿಗೆ ದಾಟುತ್ತದೆ. "ರಾತ್ರಿಯೆಲ್ಲ ಕೆಮ್ಮಿತು ದೊಡ್ಡಮ್ಮ" ಎಂದವಳೇ ತಾಯಿ ಬಟ್ಟೆ ಕಾರ್ಖಾನೆಯ ಬಸ್ಸಿಗೆ ಓಡುತ್ತಾಳೆ. ಬೆಳಕು ಹರಿಯುವ ಹೊತ್ತಿಗೆ ಮುಂಗೋಣೆಯ ಚಾಪೆಯ ಮೇಲೆ ಆರು ಮಕ್ಕಳು. ಎಲ್ಲಕ್ಕಿಂತ ಚಿಕ್ಕದಕ್ಕೆ ಇನ್ನೂ ಕತ್ತು ನಿಂತಿಲ್ಲ.

ಆಮೇಲೆ ದೊಡ್ಡಮ್ಮನ ಬಾಯಿಗೆ ಬಿಡುವಿಲ್ಲ. ಒಂದರ ಮೂಗು ಒರೆಸುತ್ತಾ, ಇನ್ನೊಂದರ ಅಂಗಿ ಬದಲಿಸುತ್ತಾ, ಮಾತೋ ಮಾತು. "ಇದು ಯಾರ ಕಾಲು? ನಿಂದಾ? ನಾನು ತಗೊಂಡು ಹೋಗ್ತೀನಿ ನೋಡು." ಕಾಲಿನ ಯಜಮಾನ ಕೇಕೆ ಹಾಕುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಅವರ ಗಂಟಲು ಕಟ್ಟಿರುತ್ತದೆ.

"ಟಿವಿ ಹಾಕಿದ್ರೆ ಅರ್ಧಕ್ಕರ್ಧ ಕೆಲಸ ಕಮ್ಮಿ, ಅದೇನು ಸುಳ್ಳಲ್ಲ" ಎನ್ನುತ್ತಾರೆ. "ಬೀದೀಲಿ ಎಲ್ರೂ ಅದನ್ನೇ ಹೇಳ್ತಾರೆ. ನಿಂಗ್ಯಾಕೆ ಈ ಹಟ ಅಂತಾರೆ."

ಈ ಮನೆಯಲ್ಲೂ ಒಂದು ಕಾಲಕ್ಕೆ ಬೆಳಗಿನಿಂದ ಟಿವಿ ಓಡುತ್ತಿತ್ತು. ಅದು ಮಕ್ಕಳಿಗಲ್ಲ, ದೊಡ್ಡಮ್ಮನ ಗಂಡನಿಗೆ. ಆತ ಬಸ್ಸಿನ ಚಾಲಕರಾಗಿದ್ದವರು. ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು, ಮಾತು ತೊದಲಾಯಿತು. ಊರೂರು ಸುತ್ತಿದ ಮನುಷ್ಯನಿಗೆ ಮುಂಗೋಣೆಯ ಮಂಚವೇ ಗತಿಯಾದಾಗ, ಎದುರಿನ ಟಿವಿಯೊಂದೇ ಕಿಟಕಿ. ಮನೆ ನಡೆಯಬೇಕಲ್ಲ, ದೊಡ್ಡಮ್ಮ ಅದೇ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳತೊಡಗಿದರು. ಗಂಡ ನೋಡುತ್ತಿದ್ದರು, ಮಕ್ಕಳೂ ನೋಡುತ್ತಿದ್ದವು.

ಆಗ ಬಂದವನು ಗುಂಡ. ಎರಡು ತುಂಬುತ್ತಾ ಬಂದಿತ್ತು. "ಟಿವಿ ಮುಂದೆ ಕೂರಿಸಿಬಿಡಿ, ತಂಟೆಯಿಲ್ಲದ ಮಗು" ಎಂದು ಅವನ ತಾಯಿ ಹೇಳಿದ್ದು ನಿಜವಾಗಿತ್ತು. ಅವನು ಅಳುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ತುತ್ತು ಬಾಯಿಗಿಟ್ಟರೆ ನುಂಗುತ್ತಿದ್ದ, ಕಣ್ಣು ಮಾತ್ರ ಪರದೆ ಬಿಟ್ಟು ಕದಲುತ್ತಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಕಿವಿ ಕೇಳುವುದಿಲ್ಲವೇನೋ ಎಂದು ದೊಡ್ಡಮ್ಮ ಹಿಂದಿನಿಂದ ಒಂದು ತಟ್ಟೆ ಬೀಳಿಸಿದರು. ಬೆಚ್ಚಿಬಿದ್ದ.

"ಕಿವಿ ಚೆನ್ನಾಗೇ ಇತ್ತು. ಅದು ಗೊತ್ತಾದ್ಮೇಲೆ ನಂಗೆ ಇನ್ನೂ ಭಯ ಆಯ್ತು."

ಲಸಿಕೆಗೆಂದು ಮನೆಮನೆಗೆ ಬರುವ ನರ್ಸಮ್ಮ ಗುಂಡನನ್ನು ನೋಡಿ, "ಮೊದಲು ಡಾಕ್ಟರಿಗೆ ತೋರಿಸಿ. ಇಷ್ಟು ಚಿಕ್ಕವರಿಗೆ ಟಿವಿ ಬೇಡವೇ ಬೇಡ. ಮಾತಾಡಿಸಿ, ಆಡಿಸಿ" ಎಂದರು. ಸಂಜೆ ದೊಡ್ಡಮ್ಮ ಅದನ್ನು ಹೇಳಿದಾಗ ತಾಯಿ ಆಗಲಿ ಎಂದು ತಲೆಯಾಡಿಸಿದಳು. ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ. ಇನ್ನು ಟಿವಿಯ ಮಾತು. ಮಂಚದ ಮೇಲಿನ ಮನುಷ್ಯನಿಗೆ ಅದನ್ನು ಹೇಗೆ ಹೇಳುವುದು?

ದೊಡ್ಡಮ್ಮ ಹೇಳಲಿಲ್ಲ. ಒಂದು ಬೆಳಿಗ್ಗೆ ಟಿವಿಯ ಮೇಲೆ ಹಳೇ ಸೀರೆ ಹೊದಿಸಿದರು. ಗುಂಡ ಸೀರೆಯನ್ನು ಜಗ್ಗಿ ಜಗ್ಗಿ ಅತ್ತ, ನೆಲಕ್ಕೆ ಹಣೆ ಚಚ್ಚಿಕೊಂಡ. ಗಂಡ ಗೋಡೆಗೆ ಮುಖ ಮಾಡಿ ಮಲಗಿದರು, ಊಟ ಮುಟ್ಟಲಿಲ್ಲ. "ಈ ಕಡೆ ಇವನು, ಆ ಕಡೆ ಅವರು. ಅಡುಗೆಮನೆಗೆ ಹೋಗಿ ನಾನೂ ಅತ್ತುಬಿಟ್ಟೆ. ಯಾರ ಹೊಟ್ಟೆ ಉರಿಸಿದ್ರೂ ಪಾಪ ನಂದೇ ಅಲ್ವಾ?"

ಮೂರನೆಯ ದಿನ ಗುಂಡ ಅತ್ತೂ ಅತ್ತೂ ಸುಸ್ತಾಗಿ ಮಂಚದ ಕಾಲಿಗೆ ಒರಗಿ ಕೂತಿದ್ದ. ಮೇಲಿನಿಂದ, ಸೊಟ್ಟ ತುಟಿಗಳ ನಡುವಿನಿಂದ, ಬಸ್ಸಿನ ಹಾರನ್ನಿನಂಥ ಸದ್ದೊಂದು ಹೊರಟಿತು. ಪೋಂ. ಗುಂಡ ತಲೆಯೆತ್ತಿ ನೋಡಿದ. ಇನ್ನೊಂದು ಪೋಂ. ಅವನು ಮೆಲ್ಲಗೆ ಎದ್ದು ನಿಂತು ಮುದುಕನ ತುಟಿ ಮುಟ್ಟಿದ. ಆ ಸಂಜೆಯೇ ಗಂಡ ಟಿವಿಯತ್ತ ಕೈ ತೋರಿಸಿ, "ಒಳಗಿಡು" ಎಂದರು. ಆ ಒಂದು ಮಾತು ಹೇಳುವುದಕ್ಕೇ ಅವರಿಗೆ ಬಹಳ ಹೊತ್ತು ಹಿಡಿಯಿತು.

ಟಿವಿ ಒಳಕೋಣೆ ಸೇರಿತು. ಮಕ್ಕಳು ಹೋದಮೇಲೆ ನೋಡಬಹುದು ಎಂಬ ಒಪ್ಪಂದವೇನೋ ಇದೆ. ಆದರೆ ಆ ಹೊತ್ತಿಗೆ ಮಾತ್ರೆಯ ಮಂಪರಿಗೆ ಅವರ ಕಣ್ಣು ಮುಚ್ಚಿರುತ್ತದೆ. ಹಗಲೆಲ್ಲ ಸೂರು ನೋಡುತ್ತಾ ಮಲಗಿರುತ್ತಾರೆ. "ನನ್ನನ್ನ ಏನೂ ಅನ್ನಲ್ಲ. ಅಂದುಬಿಟ್ಟಿದ್ರೆ ಸಮಾಧಾನ ಆಗ್ತಿತ್ತು" ಎಂದು ದೊಡ್ಡಮ್ಮ ದನಿ ತಗ್ಗಿಸುತ್ತಾರೆ.

ಗುಂಡ ದಿನದಿನಕ್ಕೆ ಚಿಗುರಿದ. ಕರೆದರೆ ತಿರುಗಿದ, ಬೇಕಾದುದಕ್ಕೆ ಬೆರಳು ತೋರಿಸಿದ, ಚಾಪೆಯ ಮೇಲಿನ ಪುಟ್ಟ ಕೂಸಿನ ಬಾಯಿಗೆ ತನ್ನ ಬ್ರೆಡ್ಡಿನ ಚೂರು ತುರುಕಲು ಹೋಗಿ ಬೈಸಿಕೊಂಡ. ಮಾತೊಂದು ಬರಲಿಲ್ಲ. ಇನ್ನೇನು ಬಂದೀತು ಎನ್ನುವಷ್ಟರಲ್ಲಿ ತಾಯಿಯ ಪಾಳಿ ರಾತ್ರಿ ಒಂಬತ್ತಕ್ಕೆ ಮುಗಿಯುವಂತೆ ಬದಲಾಯಿತು. ಅಷ್ಟು ಹೊತ್ತು ಇಟ್ಟುಕೊಳ್ಳುತ್ತೇನೆಂದು ದೊಡ್ಡಮ್ಮ ಹೇಳಲಾರದೆ ಹೋದರು. ಸಂಜೆ ಗಂಡನ ಮೈ ಒರೆಸಬೇಕು, ಹಾಸಿಗೆ ಬದಲಿಸಬೇಕು, ಗುಟುಕು ಗುಟುಕಾಗಿ ಗಂಜಿ ಕುಡಿಸಬೇಕು. ಪಕ್ಕದ ಬೀದಿಯಲ್ಲಿ ರಾತ್ರಿವರೆಗೂ ಮಕ್ಕಳನ್ನು ನೋಡಿಕೊಳ್ಳುವ ಮನೆಯಿದೆ. ಅಲ್ಲಿ ಗೋಡೆಯಗಲದ ಟಿವಿಯೂ ಇದೆ.

"ಅವಳದ್ದೇನು ತಪ್ಪು ಹೇಳಿ. ಗೋಳೋ ಅಂತ ಅತ್ಕೊಂಡೇ ಕರ್ಕೊಂಡು ಹೋದ್ಲು."

ಅದಾಗಿ ವರ್ಷವಾಗುತ್ತಾ ಬಂತು. ಔಷಧಿ ತರಲು ಹೋಗುವಾಗ ದೊಡ್ಡಮ್ಮ ಆ ಮನೆಯ ಮುಂದೆಯೇ ಹಾದುಹೋಗಬೇಕು. ಒಮ್ಮೆ ಕಿಟಕಿಯಲ್ಲಿ ಇಣುಕಿದ್ದರು. ಸಾಲಾಗಿ ಕೂತ ಪುಟ್ಟ ತಲೆಗಳಲ್ಲಿ ಗುಂಡನದ್ದು ಯಾವುದೆಂದು ಹಿಂದಿನಿಂದಲೇ ಗೊತ್ತಾಯಿತು. ಕರೆಯಲು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡು ಬಂದುಬಿಟ್ಟರು. ಯಾಕೆ ಎಂದು ಕೇಳಿದರೆ ಮಡಿಲಲ್ಲಿದ್ದ ಕೂಸನ್ನು ಈ ತೊಡೆಯಿಂದ ಆ ತೊಡೆಗೆ ಬದಲಿಸುತ್ತಾರೆ.

"ತಿರುಗದೇ ಇದ್ದಿದ್ರೆ?"

ಕೂಸಿನ ಬಾಯಿ ಒರೆಸಿ, ತಾವೇ ಮುಂದುವರಿಸುತ್ತಾರೆ. "ನನ್ನ ಗುರುತು ಅವನಿಗೆ ಇರೋದೇನೂ ಬೇಡ. ಎಲ್ಲಾದ್ರೂ ದಾರೀಲಿ ಎದುರಾಗಿ, 'ಏ ಮುದುಕಿ, ದಾರಿ ಬಿಡು' ಅಂತ ಅವನ ಬಾಯಿಂದ ಒಂದು ಬೈಗುಳ ಕೇಳಿದ್ರೂ ಸಾಕು. ಮನೆಗೆ ಬಂದು ಇವರಿಗೆ ಹೇಳ್ತೀನಿ, ಗುಂಡ ಮಾತಾಡಿದ ಅಂತ."